ಸ್ವಾಗತದ ಡಬ್ಬಿ

ನಮ್ಮ ಊರಿಗೆ ಮೊದಲ ರೈಲು ಬಂದ ದಿನ ಜನ ಹಳಿಯ ಮೇಲೆ ಹೂವು ಚೆಲ್ಲಿದರಂತೆ. ರೈಲು ಹೋದ ಮೇಲೆ ನೋಡಿದರೆ ಹಳಿಯ ಮೇಲೆ ಬಿದ್ದದ್ದು ಹೂವು ಮಾತ್ರ ಅಲ್ಲ. ಇದನ್ನು ಯಾರು ಎತ್ತುತ್ತೀರಿ ಎಂದು ಆಗಿನ ಸ್ಟೇಷನ್ ಮಾಸ್ಟರ್ ಕೇಳಿದ. ಎಲ್ಲರೂ ಆಕಾಶ ನೋಡಿದರು. ಪ್ಲಾಟ್‌ಫಾರ್ಮಿಗೆ ಮಣ್ಣು ಹೊತ್ತು ಹಾಕಿದ್ದ ಹೆಂಗಸೊಬ್ಬಳು ಪಾಪ, ಆಕಾಶ ನೋಡುವುದನ್ನು ಮರೆತಳು. ಅವಳು ನನ್ನ ಅತ್ತೆಯ ಅಜ್ಜಿ.

ನಮ್ಮ ಸ್ಟೇಷನ್ನಿನ ಇತಿಹಾಸ ಅಲ್ಲಿಂದ ಶುರು. ಬೇರೆಯವರದು ಬೇರೆ ಕಡೆಯಿಂದ ಶುರುವಾಗುತ್ತದೆ. ಅದು ಗಾಜಿನ ಪೆಟ್ಟಿಗೆಯಲ್ಲಿದೆ, ಹೋಗಿ ನೋಡಬಹುದು.

ನಾನು ಹಳಿ ತೊಳೆಯುವವಳು. ಅತ್ತೆಯೂ ಅದೇ ಕೆಲಸದವಳು. ಮದುವೆಯಾಗಿ ಬಂದಾಗ ಅವಳು ನನ್ನ ಕೈಗೆ ಕೊಟ್ಟದ್ದು ಒಂದು ಸಲಿಕೆ, ಒಂದು ಪೊರಕೆ, ಒಂದು ತಗಡಿನ ಡಬ್ಬಿ. ರೈಲು ನಿಂತಿರುವಾಗ ಪಾಯಿಖಾನೆ ಬಳಸಬೇಡಿ ಎಂದು ಪ್ರತಿ ಬೋಗಿಯಲ್ಲೂ ಬರೆದಿರುತ್ತದೆ. ನಮ್ಮ ಜನ ಓದು ಬಲ್ಲವರು. ಓದಿಕೊಂಡೇ ಕೂರುತ್ತಾರೆ. ಈಗಿನ ಹೊಸ ಬೋಗಿಗಳಲ್ಲಿ ಕೆಳಗೆ ಬೀಳುವುದಿಲ್ಲವಂತೆ. ಆ ಬೋಗಿಗಳು ನಮ್ಮ ಊರಿನ ದಾರಿ ಇನ್ನೂ ಕಂಡಿಲ್ಲ.

ರೈಲು ಹೊರಟ ಕೂಡಲೇ ನಾವು ಎಂಟು ಜನ ಹೆಂಗಸರು ಹಳಿಗೆ ಇಳಿಯಬೇಕು. ಸೊಂಟ ಬಗ್ಗಿಸಿ ಜಲ್ಲಿ ಕಲ್ಲುಗಳ ಸಂದಿಯಿಂದ ಕೆರೆಯಬೇಕು. ಬಿಸಿಲಿಗೆ ಕಂಬಿ ಕಾದು ಕೈ ಸುಡುತ್ತದೆ. ಪೈಪಿನಲ್ಲಿ ನೀರು ಬಂದರೆ ಬಂತು, ಇಲ್ಲದಿದ್ದರೆ ಸಲಿಕೆಯೇ ಗತಿ. ಕೆರೆದದ್ದನ್ನು ಡಬ್ಬಿಗೆ ತುಂಬಿಕೊಂಡು, ಒಂದನೇ ಪ್ಲಾಟ್‌ಫಾರ್ಮ್ ಹತ್ತಿ, ಉದ್ದಕ್ಕೂ ನಡೆದು, ಆಚೆ ತುದಿಯ ಗುಂಡಿಗೆ ಸುರಿಯಬೇಕು. ಬೇರೆ ದಾರಿ ಇಲ್ಲ. ಒಂದು ದಾರಿ ಮಾಡಿಸಿಕೊಡಿ ಎಂದು ಕೇಳಿದಾಗಲೆಲ್ಲ ಮೇಲಕ್ಕೆ ಬರೆದಿದ್ದೇವೆ ಎನ್ನುತ್ತಾರೆ. ಮೇಲಿನವರೂ ಓದಿಕೊಂಡೇ ಕೂತಿದ್ದಾರೆ.

ಡಬ್ಬಿಗೆ ಒಂದು ನಿಯಮವಿದೆ. ಪ್ಲಾಟ್‌ಫಾರ್ಮ್ ಹತ್ತಿದ ಕೂಡಲೇ ಅದನ್ನು ಕೋಲಿನಿಂದ ಬಡಿಯಬೇಕು. ಟಣ್ ಟಣ್, ಟಣ್. ಬೇಗ ಎರಡು, ತಡೆದು ಒಂದು. ಮೊದಲ ಮಾಸ್ಟರ್ ಮಾಡಿದ ನಿಯಮ. ಡಬ್ಬಿ ಹೊತ್ತವಳು ಬರುತ್ತಿದ್ದಾಳೆ ಎಂದು ದೊಡ್ಡವರಿಗೆ ಗೊತ್ತಾಗಬೇಕು, ಗೊತ್ತಾಗಿ ದೂರ ಸರಿಯಬೇಕು, ಅಷ್ಟೇ. ಮಾಸ್ಟರುಗಳು ಬಂದರು ಹೋದರು, ಉಗಿಬಂಡಿ ಹೋಗಿ ಡೀಸೆಲ್ ಬಂತು, ಡೀಸೆಲ್ ಹೋಗಿ ಕರೆಂಟಿನ ತಂತಿ ಬಂತು. ಟಣ್ ಟಣ್ ಮಾತ್ರ ಹೋಗಲಿಲ್ಲ. ಯಾಕೆ ಎಂದು ಕೇಳಿದರೆ ಪ್ರಯಾಣಿಕರ ಸುರಕ್ಷತೆ ಎನ್ನುತ್ತಾರೆ. ನಾವೇನು ಹುಲಿಯೇ?

ಊರಿನವರ ಕಿವಿಗೆ ಈ ಸದ್ದು ಎಷ್ಟು ಒಗ್ಗಿಹೋಗಿದೆ ಎಂದರೆ, ಬೆಂಚಿನ ಮೇಲೆ ಗೊರಕೆ ಹೊಡೆಯುವವನೂ ಕಣ್ಣು ಬಿಡದೆಯೇ ಕಾಲು ಮಡಚಿಕೊಳ್ಳುತ್ತಾನೆ. ಜಗಳವಾಡುತ್ತಿರುವ ಗಂಡ ಹೆಂಡತಿ ಬೈಗುಳವನ್ನು ಅರ್ಧಕ್ಕೇ ನಿಲ್ಲಿಸಿ, ಮೂಗು ಮುಚ್ಚಿಕೊಂಡು ಗೋಡೆಗೆ ಅಂಟುತ್ತಾರೆ. ನಾವು ದಾಟಿದ ಮೇಲೆ ಬಿಟ್ಟಲ್ಲಿಂದ ಬೈಗುಳ ಮುಂದುವರಿಸುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಗಿಡ್ಡಿ ಬೇಕೆಂದೇ ದಾರಿಯಲ್ಲಿ ನಿಂತು ಪೂರ್ತಿ ಜಗಳ ಕೇಳಿಸಿಕೊಂಡು ಬರುತ್ತಿದ್ದಳು. ನಮಗೂ ಒಂದಿಷ್ಟು ಮನರಂಜನೆ ಬೇಡವೇ?

ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಗುಂಡಿಯ ಪಕ್ಕದಲ್ಲೇ, ಒಂದು ಕಲ್ಲಿನ ಕೋಣೆ. ಸೋರುತ್ತದೆ ಎಂದು ಎಲ್ಲರೂ ಬಿಟ್ಟುಹೋದ ಮೇಲೆ ನಮ್ಮ ಪಾಲಿಗೆ ಬಂದದ್ದು. ಒಳಗೆ ಒಂದು ನಲ್ಲಿ, ಬಟ್ಟೆ ನೇತುಹಾಕಲು ಮೊಳೆಗಳು, ಒಂದು ಬಾಗಿಲು. ಬಾಗಿಲಿಗೆ ಒಳಗಿನಿಂದ ಚಿಲಕ. ಇಡೀ ಸ್ಟೇಷನ್ನಿನಲ್ಲಿ ನಾವು ಒಳಗಿನಿಂದ ಹಾಕಿಕೊಳ್ಳಬಹುದಾದ ಚಿಲಕ ಅದೊಂದೇ. ಕೆಲಸ ಮುಗಿಸಿ ಅಲ್ಲಿ ಮೈ ತೊಳೆದು, ಒಣ ಬಟ್ಟೆ ಉಟ್ಟು, ಮನುಷ್ಯರಂತೆ ಹೊರಗೆ ಬರುತ್ತಿದ್ದೆವು. ಬಂದು ನಾನು ಮಗಳ ಶಾಲೆಯ ಗೇಟಿನ ಹತ್ತಿರ ನಿಲ್ಲುತ್ತಿದ್ದೆ. ಉಳಿದ ತಾಯಂದಿರ ಸಾಲಿನಲ್ಲೇ.

ಸ್ಟೇಷನ್ನಿಗೆ ನೂರು ವರ್ಷ ತುಂಬಿತು ಎಂಬ ಸುದ್ದಿ ಬಂದದ್ದೇ ತಡ, ಆ ಕೋಣೆಗೆ ಹೊರಗಿನಿಂದ ಬೀಗ ಬಿತ್ತು.

ಹಾಕಿದವನು ನಮ್ಮ ಮೇಸ್ತ್ರಿ, ಹಳಿ ತೊಳೆಯುವವರ ಮೇಲೆ ಕಣ್ಣಿಡಲು ಗುತ್ತಿಗೆದಾರ ಇಟ್ಟುಕೊಂಡವನು. ಹಲ್ಲುಕಡ್ಡಿ ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಾನೆ.

"ಇದು ಸ್ಟೇಷನ್ನಿನ ಮೊಟ್ಟಮೊದಲ ಕಟ್ಟಡ ಅಂತೆ ಕಣ್ರೇ. ಮೊದಲ್ನೇ ಟಿಕೆಟ್ಟು ಕೊಟ್ಟಿದ್ದು ಇಲ್ಲೇ ಅಂತೆ. ಇತಿಹಾಸದ ಮೇಷ್ಟ್ರು ಕಂಡುಹಿಡಿದಿದಾರೆ. ಇನ್ಮೇಲೆ ಇದು ಇತಿಹಾಸದ ಕೋಣೆ."

"ನಾವೆಲ್ಲಿ ಬಟ್ಟೆ ಬದಲಾಯಿಸೋದು?" ಎಂದಳು ಗಿಡ್ಡಿ.

"ಗೂಡ್ಸ್ ಬೋಗಿಗಳ ಮರೆಯಲ್ಲಿ. ಯಾರು ನೋಡ್ತಾರೆ ನಿಮ್ಮನ್ನ?"

"ನೀನು ನೋಡ್ತೀಯಲ್ಲ" ಎಂದಳು ಅತ್ತೆ. ಮೇಸ್ತ್ರಿಯ ಹಲ್ಲುಕಡ್ಡಿ ಮುರಿಯಿತು.

ನಗು ಬಂತು ನಿಜ. ಅವತ್ತು ಮಧ್ಯಾಹ್ನದವರೆಗೆ ಮಾತ್ರ. ನಾನು ಮೈ ತೊಳೆಯದೆ, ಅದೇ ಬಟ್ಟೆಯಲ್ಲಿ ಶಾಲೆಗೆ ಹೋದೆ. ತಾಯಂದಿರ ಸಾಲು ನನ್ನ ಎರಡೂ ಕಡೆ ಸರಿಯಿತು. ಡಬ್ಬಿ ಬಡಿಯದೆಯೇ ಸರಿಯಿತು. ಮಗಳು ಗೇಟಿನಿಂದ ಹೊರಬಂದಳು, ನನ್ನನ್ನು ನೋಡಿದಳು, ರಸ್ತೆ ದಾಟಿ ಆ ಬದಿಯಲ್ಲಿ ನಡೆದಳು. ಮನೆಯವರೆಗೂ ನಾನು ಈ ಬದಿ, ಅವಳು ಆ ಬದಿ. ಮನೆಗೆ ಬಂದು ಅವಳೇ ಅತ್ತಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಯಾರ ಮೇಲೆ ಬರಬೇಕೋ ಅವರ ಮೇಲೆ ಬಂತು.

ಅತ್ತೆ ಎಲ್ಲ ಕೇಳಿಸಿಕೊಂಡು, "ಆ ಚಿಲಕ ವಾಪಸ್ ಬರಬೇಕು ಕಣೇ. ಹೆಂಗೆ ಅಂತ ಗೊತ್ತಿಲ್ಲ. ಬರಬೇಕು" ಎಂದಳು.

ನಾವು ಸ್ಟೇಷನ್ ಮಾಸ್ಟರ್ ಹತ್ತಿರ ಹೋದೆವು. ಈಗಿನ ಮಾಸ್ಟರ್ ಒಳ್ಳೆಯ ಮಾತಿನ ಮನುಷ್ಯ, ಒಳ್ಳೆಯ ಮಾತು ಬಿಟ್ಟು ಬೇರೇನೂ ಕೊಡುವುದಿಲ್ಲ. ಬಾಗಿಲ ಹೊರಗೇ ನಿಲ್ಲಿಸಿ, ಕರವಸ್ತ್ರ ಮೂಗಿಗೆ ಹಿಡಿದುಕೊಂಡು, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ ಎಂದರು. ಕರವಸ್ತ್ರದೊಳಗಿಂದ ಎಷ್ಟು ಅರ್ಥವಾಯಿತೋ. ನೂರು ವರ್ಷದ ಸಮಾರಂಭದ ದಿನ ನಾವು ಯಾರ ಕಣ್ಣಿಗೂ ಬೀಳಬಾರದು, ಗೂಡ್ಸ್ ಶೆಡ್ಡಿನ ಹಿಂದೆ ಇರಬೇಕು ಎಂದೂ ಸೇರಿಸಿದರು.

ಅಷ್ಟರಲ್ಲಿ ಇತಿಹಾಸದ ಮೇಷ್ಟ್ರು ಒಳಗೆ ಬಂದರು. ಬೇರೆ ಊರಿನವರು, ಕಾಲೇಜಿನಿಂದ ನಿವೃತ್ತಿಯಾದವರು. ನೂರು ವರ್ಷದ ಕಥೆ ಬರೆಯಲು, ಹಳೆಯ ಸಾಮಾನು ಜೋಡಿಸಲು ದೊಡ್ಡ ಕಚೇರಿಯವರು ಕಳಿಸಿದ್ದರು. ಕೆಟ್ಟ ಮನುಷ್ಯ ಅಲ್ಲ. ಹಳೆಯದು ಎಂದರೆ ಸಾಕು, ತುಕ್ಕು ಹಿಡಿದ ಮೊಳೆಗೂ ಕೈಮುಗಿಯುತ್ತಾರೆ. ದಿನಾ ಸಂಜೆ, ನಮ್ಮ ಕೆಲಸ ಮುಗಿದ ಮೇಲೆ ಬಂದು, ಸೀಮೆಎಣ್ಣೆ ದೀಪ, ಒಡೆದ ಗಡಿಯಾರ, ಮಾಸ್ಟರುಗಳ ಟೋಪಿ, ಎಲ್ಲದರ ಧೂಳು ಒರೆಸಿ ಮುದ್ದು ಮಾಡುತ್ತಿದ್ದರು. ಬಂದವರು ನಮ್ಮ ಮುಂದೆಯೇ ಮಾಸ್ಟರನ್ನು ಕೇಳಿದರು.

"ಅಲ್ಲ ಮಾಸ್ಟ್ರೇ, ಊರಲ್ಲಿ ವಯಸ್ಸಾದೋರನ್ನ ಮಾತಾಡಿಸಿದ್ರೆ ಎಲ್ಲರೂ ಒಂದು ಡಬ್ಬಿ ಸದ್ದು ಅಂತಾರೆ. ಸ್ಟೇಷನ್ ಅಂದ್ರೆ ಮೊದಲು ನೆನಪಾಗೋದು ಅದೇ ಅಂತೆ. ಏನದು ಅಂದ್ರೆ ಮಾತು ತಿರುಗಿಸ್ತಾರೆ. ಏನ್ರೀ ಅದು?"

ಮಾಸ್ಟರ್ ನಮ್ಮನ್ನು ನೋಡಿದರು. ಮೇಷ್ಟ್ರನ್ನು ನೋಡಿದರು. ಇವರನ್ನು ಕಂಡರೆ ಜನ ದೂರ ಓಡಲಿ ಎಂದು ಬಡಿಸುತ್ತೇವೆ ಎನ್ನಬೇಕಿತ್ತು. ದೊಡ್ಡ ಕಚೇರಿಯ ಮನುಷ್ಯನ ಮುಂದೆ ನಾಲಿಗೆ ಹೊರಳಲಿಲ್ಲ. ನೂರು ವರ್ಷದಲ್ಲಿ ಮೊದಲ ಸಲ ಒಬ್ಬ ಮಾಸ್ಟರಿಗೆ ಆ ನಿಯಮದ ಬಗ್ಗೆ ನಾಚಿಕೆಯಾಯಿತು. ನಾಚಿಕೆಯಾದವರು ನಿಯಮ ತೆಗೆಯಬೇಕಿತ್ತು. ಇವರು ಸುಳ್ಳು ಹೇಳಿದರು.

"ಅದಾ ಸಾರ್? ಅದು... ಸ್ವಾಗತ ಸಾರ್. ಹಿಂದಿನಿಂದ ಬಂದಿದ್ದು. ಪ್ರಯಾಣಿಕರಿಗೆ ಸ್ವಾಗತ ಕೋರೋ ಪದ್ಧತಿ."

ಗಿಡ್ಡಿಗೆ ಕೆಮ್ಮು ಬಂತು. ನಾನು ಅವಳ ಬೆನ್ನಿಗೆ ಗುದ್ದಿದೆ.

"ಅಬ್ಬಬ್ಬಾ!" ಎಂದರು ಮೇಷ್ಟ್ರು. "ಯಾರು ಬಾರಿಸ್ತಾರೆ?"

"ನಾವೇ ಸ್ವಾಮಿ" ಎಂದಳು ಅತ್ತೆ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ನಮ್ಮಜ್ಜಿ ಕಾಲದಿಂದ ಸ್ವಾಗತ ಮಾಡ್ಕೊಂಡೇ ಬಂದಿದೀವಿ. ನಮ್ಮ ಸದ್ದು ಕೇಳಿದ್ರೆ ಸಾಕು, ಜನ ಎದ್ದು ನಿಂತು ದಾರಿ ಬಿಡ್ತಾರೆ. ಅಷ್ಟು ಮರ್ಯಾದೆ."

"ಹಂಗಾದ್ರೆ ಸಮಾರಂಭ ಇವರಿಂದ್ಲೇ ಶುರುವಾಗ್ಬೇಕು!"

ಮಾಸ್ಟರ್ ಏನೋ ಹೇಳಲು ಬಾಯಿ ತೆರೆದರು. ಮೇಷ್ಟ್ರು ಆಗಲೇ ಫೋನು ಕಿವಿಗಿಟ್ಟು ದೊಡ್ಡ ಸಾಹೇಬರಿಗೆ ವರದಿ ಒಪ್ಪಿಸುತ್ತಿದ್ದರು. ಈ ಭಾಗದ ರೈಲುಗಳಿಗೆಲ್ಲ ಮುಖ್ಯಸ್ಥ ಆ ಸಾಹೇಬ, ಸಮಾರಂಭಕ್ಕೆ ಬರುವ ಅತಿಥಿ. ಫೋನಿನಿಂದ "ಬಹಳ ಚೆನ್ನಾಗಿದೆ, ಮಾಡಿಸಿ" ಎಂಬ ದನಿ ನಮಗೂ ಕೇಳಿಸಿತು. ಮಾಸ್ಟರ್ ತೆರೆದ ಬಾಯಿಗೆ ಕರವಸ್ತ್ರ ಒತ್ತಿಕೊಂಡರು.

ಮಾರನೆಯ ದಿನ ಮಾಸ್ಟರ್ ತಾವೇ ಹಳಿಯ ಹತ್ತಿರ ಬಂದರು. ಅಷ್ಟು ಹತ್ತಿರ ಅವರು ಹಿಂದೆಂದೂ ಬಂದಿರಲಿಲ್ಲ. ಕರವಸ್ತ್ರವನ್ನೂ ಮರೆತಿದ್ದರು.

"ನೋಡಮ್ಮಾ, ಹೊಸ ಡಬ್ಬಿ ತರಿಸ್ತೀನಿ, ಬಣ್ಣ ಹಚ್ಚಿದ್ದು. ಸ್ವಲ್ಪ ಬೇರೆ ತರ ಬಾರಿಸಿ. ಮದುವೆ ಮನೆಯಲ್ಲಿ ಬಾರಿಸ್ತಾರಲ್ಲ, ಹಂಗೆ."

"ನಮಗೆ ಬರೋದು ಅದೊಂದೇ ತಾಳ ಸ್ವಾಮಿ" ಎಂದಳು ಅತ್ತೆ. "ನೀವು ಕಲಿಸಿದ್ದು."

"ಮೆಲ್ಲಗಾದ್ರೂ ಬಾರಿಸಿ."

"ಕೋಣೆ ಬೀಗ ತೆಗೆಸಿ ಸ್ವಾಮಿ. ಸಾಹೇಬ್ರ ಮುಂದೆ ಬರೋರು ಸ್ನಾನ ಮಾಡ್ಕೊಂಡು ಬರಬೇಡ್ವಾ?"

ಒಂದು ದಿನದ ಮಟ್ಟಿಗೆ, ಬೆಳಿಗ್ಗೆ ಮಾತ್ರ ಎಂದರು. ಆಗಲೂ ಲೆಕ್ಕಾಚಾರ.

ಸಮಾರಂಭದ ಬೆಳಿಗ್ಗೆ ನಾವು ಕೋಣೆಗೆ ಹೋಗಿ ಚಿಲಕ ಹಾಕಿಕೊಂಡೆವು. ಗೋಡೆಯ ಮೊಳೆ ಕಿತ್ತು ಗಾಜಿನ ಕಪಾಟು ಹಾಕಿದ್ದರು. ಅದರ ಮುಂದೆಯೇ ಸ್ನಾನ ಮಾಡಿದೆವು. ಸೋಪು ಸವೆದು ಚೂರಾಗುವವರೆಗೆ ಉಜ್ಜಿಕೊಂಡೆವು. ಪೆಟ್ಟಿಗೆಯ ತಳದಲ್ಲಿಟ್ಟಿದ್ದ ಬಟ್ಟೆ ಉಟ್ಟೆವು. ಬಣ್ಣದ ಡಬ್ಬಿಗಳನ್ನು ಅಲ್ಲೇ ಮೂಲೆಯಲ್ಲಿ ಬಿಟ್ಟು ನಮ್ಮ ದಿನದ ಡಬ್ಬಿಗಳನ್ನೇ ತೆಗೆದುಕೊಂಡೆವು. ಅವನ್ನು ಹಿಂದಿನ ದಿನವೇ ಮರಳು ಹಾಕಿ ತಿಕ್ಕಿ, ಬಿಸಿನೀರು ಹೊಯ್ದು, ಒಣಗಿಸಿಟ್ಟಿದ್ದೆವು. ಒಳಗೆ ಮುಖ ಕಾಣುತ್ತಿತ್ತು. ಮಾಸ್ಟರ್ ಚಹಾ ಕುಡಿಯುವ ಲೋಟವೂ ಅಷ್ಟು ಶುಚಿ ಇರಲಿಕ್ಕಿಲ್ಲ.

"ಹೆದರಿಕೆ ಆಗುತ್ತೆ ಅತ್ತೆ. ಕೆಲಸ ಹೋದ್ರೆ?" ಎಂದೆ.

"ಈ ಕೆಲಸ ಹೋದ್ರೆ ಮಾಡೋಕೆ ಅವರು ಬರ್ತಾರೇನೇ? ಸಾಹೇಬ್ರು ಸಲಿಕೆ ಹಿಡಿಯೋದು ನೋಡೋಣ ಬಾ."

ಒಂದನೇ ಪ್ಲಾಟ್‌ಫಾರ್ಮಿನಲ್ಲಿ ಶಾಮಿಯಾನ ಹಾಕಿದ್ದರು. ವೇದಿಕೆಯ ಮೇಲೆ ಮೆತ್ತೆಯ ಕುರ್ಚಿಗಳು. ನಡುವೆ ದೊಡ್ಡ ಸಾಹೇಬ, ಒಂದು ಕಡೆ ಮೇಷ್ಟ್ರು, ಇನ್ನೊಂದು ಕಡೆ ಬೆವರು ಒರೆಸಿಕೊಳ್ಳುತ್ತಿದ್ದ ಮಾಸ್ಟರ್. ಆಚೆ ಈಚೆ ಬಟ್ಟೆ ಅಂಗಡಿ ಯಜಮಾನ, ಲಾರಿ ಸಾಹುಕಾರ, ನನ್ನ ಮಗಳ ಶಾಲೆಯ ಹೆಡ್‌ಮಾಸ್ಟರ್, ಇನ್ನೂ ಮೂವರು ಗಣ್ಯರು. ಕೆಳಗೆ ಊರಿನ ಜನ. ಮೈಕಿನಲ್ಲಿ ಮೇಷ್ಟ್ರು ಇತಿಹಾಸ ಹೇಳಿದರು. ಕಲ್ಲು ಯಾವ ಗುಡ್ಡದ್ದು, ಗಡಿಯಾರ ಯಾವ ದೇಶದ್ದು, ಮೊದಲ ಟಿಕೆಟ್ಟು ಕೊಂಡವರು ಯಾವ ಮನೆತನದವರು, ಎಲ್ಲ ಬಂತು. ಹೂವು ಚೆಲ್ಲಿದ್ದೂ ಬಂತು. ಉಳಿದದ್ದು ಬರಲಿಲ್ಲ.

"ಈಗ, ನಮ್ಮ ಸ್ಟೇಷನ್ನಿನ ಹೆಮ್ಮೆಯ ಸ್ವಾಗತ!" ಎಂದರು.

ಅತ್ತೆ ಮುಂದೆ, ನಾವು ಹಿಂದೆ. ಅವಳು ಕೋಲೆತ್ತಿದಳು.

ಟಣ್ ಟಣ್, ಟಣ್.

ಕೆಳಗೆ ಮುಂದಿನ ಸಾಲಿನವರು ಎದ್ದರು. ಯಾಕೆ ಎದ್ದೆವು ಎಂದು ಅವರಿಗೇ ಗೊತ್ತಿರಲಿಲ್ಲ. ಕಾಲುಗಳು ತಾವಾಗಿಯೇ ಎದ್ದವು. ಕೈಗಳು ಮೂಗಿಗೆ ಹೋದವು. ಅವರು ಹಿಂದೆ ಸರಿದರೆ ಹಿಂದಿನವರು ಗೋಡೆಗೆ ಸರಿದರು. ಕುರ್ಚಿಗಳು ಬಿದ್ದವು. ಹಾರ ಹಿಡಿದಿದ್ದವನು ಹಾರವನ್ನೇ ಮೂಗಿಗೆ ಒತ್ತಿಕೊಂಡ.

ಟಣ್ ಟಣ್, ಟಣ್.

ನಾವು ಎಂಟೂ ಜನ ಒಟ್ಟಿಗೆ ಬಡಿದೆವು. ವೇದಿಕೆಯ ಮೆಟ್ಟಿಲು ಹತ್ತಿದೆವು. ಬಟ್ಟೆ ಅಂಗಡಿ ಯಜಮಾನ ಆ ಕಡೆಯಿಂದ ಧುಮುಕಿದ. ಲಾರಿ ಸಾಹುಕಾರನ ಪಂಚೆ ಕುರ್ಚಿಗೆ ಸಿಕ್ಕಿಕೊಂಡಿತು. ಅವನು ಬಂದ, ಪಂಚೆ ಬರಲಿಲ್ಲ. ಶಾಲೆಯ ಹೆಡ್‌ಮಾಸ್ಟರ್ ಉಸಿರು ಕಟ್ಟಿ, ಕೆನ್ನೆ ಊದಿಸಿಕೊಂಡು ಗೋಡೆಗೆ ಅಂಟಿದರು. ದೊಡ್ಡ ಸಾಹೇಬ ಹೊರಗಿನವನು, ಅವನಿಗೆ ಡಬ್ಬಿಯ ಅರ್ಥ ಗೊತ್ತಿಲ್ಲ. ಆದರೆ ಎಲ್ಲರೂ ಓಡುತ್ತಿದ್ದಾರೆ ಎಂದರೆ ಏನೋ ಅನಾಹುತವೇ ಇರಬೇಕು ಎಂದು ಅವನೂ ಓಡಿದ. ಮಾಸ್ಟರ್ ಅವನ ಹಿಂದೆ, ಅವನಿಗಿಂತ ಜೋರಾಗಿ.

ನಮ್ಮ ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು. ಡಬ್ಬಿ ಖಾಲಿ ಇತ್ತು. ಆದರೂ ಊರಿಗೆ ಊರೇ ಮೂಗು ಮುಚ್ಚಿಕೊಂಡು ನಿಂತಿತ್ತು. ಇಷ್ಟು ವರ್ಷ ಅವರು ಮೂಗಿನಿಂದ ವಾಸನೆ ನೋಡುತ್ತಿದ್ದರು ಎಂದುಕೊಂಡಿದ್ದೆ. ಅಲ್ಲ, ಕಿವಿಯಿಂದ ನೋಡುತ್ತಿದ್ದರು. ನನ್ನ ಮೈ ಉರಿದುಹೋಯಿತು. ಜೊತೆಗೆ, ಸುಳ್ಳು ಯಾಕೆ ಹೇಳಲಿ, ಭಾರೀ ಖುಷಿಯೂ ಆಯಿತು.

ಅತ್ತೆ ದೊಡ್ಡ ಸಾಹೇಬನ ಕುರ್ಚಿಯ ಮುಂದೆ ನಿಂತಳು. ಸೆರಗಿನಿಂದ ಅದರ ಧೂಳು ಒರೆಸಿದಳು. ಕೂತಳು. ನಾವೂ ಒಬ್ಬೊಬ್ಬರಾಗಿ ಕೂತೆವು. ನನಗೆ ಸಿಕ್ಕಿದ್ದು ಹೆಡ್‌ಮಾಸ್ಟರ ಕುರ್ಚಿ. ಎಷ್ಟು ಮೆತ್ತಗಿತ್ತು ಎಂದರೆ ಮೊದಲು ಬಿದ್ದೇಹೋದೆ ಎಂದುಕೊಂಡೆ.

ಕೂತಲ್ಲೇ ಉಳಿದವರು ಮೇಷ್ಟ್ರೊಬ್ಬರು. ಚಪ್ಪಾಳೆ ತಟ್ಟಲು ಎತ್ತಿದ ಕೈ ಹಾಗೇ ನಿಂತಿತ್ತು.

"ಏನಮ್ಮಾ ಇದು? ಎಲ್ಲರೂ ಯಾಕೆ ಓಡಿದ್ರು? ಸ್ವಾಗತ ಅಂದ್ರಲ್ಲ?"

ಅತ್ತೆ ಮೈಕು ಹತ್ತಿರ ಎಳೆದುಕೊಂಡಳು.

"ಇದೇ ಸ್ವಾಗತ ಸ್ವಾಮಿ. ಹಳಿ ಮೇಲೆ ಇವರು ಹಾಕಿದ್ದನ್ನ ನಾವು ಎತ್ತಿಕೊಂಡು ಬರೋವಾಗ, ಇವರು ನಮ್ಮನ್ನ ಮುಟ್ಟದ ಹಾಗೆ ಓಡಿಹೋಗಲಿ ಅಂತ ಬಡಿಸೋದು. ನೂರು ವರ್ಷದಿಂದ ಬಡಿದಿದೀವಿ. ಇವತ್ತು ಡಬ್ಬಿ ಖಾಲಿ. ಬೇಕಾದ್ರೆ ಮುಖ ನೋಡ್ಕೊಳ್ಳಿ."

ಡಬ್ಬಿಯನ್ನು ಅವರ ಮುಂದೆ ಹಿಡಿದಳು. ಮೇಷ್ಟ್ರು ಬಗ್ಗಿ ನಿಜವಾಗಿಯೂ ನೋಡಿದರು. ಮುಖ ಕೆಂಪಾಯಿತು. ಗೋಡೆಯ ಹತ್ತಿರ ಒಬ್ಬೊಬ್ಬರೇ ಮೂಗಿನಿಂದ ಕೈ ತೆಗೆದರು. ತೆಗೆದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡರು.

ಮೇಸ್ತ್ರಿ ಕೆಳಗಿನಿಂದ ಕೂಗಿದ. "ಏಯ್, ಸಾಹೇಬ್ರ ಕುರ್ಚಿ! ಇಳಿರೇ! ಯಾರು ಹೇಳಿದ್ರು ಕೂತ್ಕೊಳ್ಳೋಕೆ?"

"ಅವರೇ ಎದ್ದು ಜಾಗ ಬಿಟ್ರಲ್ಲೋ" ಎಂದಳು ಅತ್ತೆ, ಮೈಕಿನಲ್ಲೇ. "ನಾವೇನು ಎಬ್ಬಿಸಿದ್ವಾ?"

ಜನರ ನಡುವೆ ಯಾರೋ ಕಿಸಕ್ಕೆಂದರು. ನಗು ಅಂಟುರೋಗ. ಪಂಚೆ ಇಲ್ಲದ ಲಾರಿ ಸಾಹುಕಾರನನ್ನು ನೋಡಿದ ಮೇಲಂತೂ ತಡೆಯುವವರೇ ಇರಲಿಲ್ಲ. ದೊಡ್ಡ ಸಾಹೇಬ ಮಾತ್ರ ನಗಲಿಲ್ಲ. ಮೆಟ್ಟಿಲ ಕೆಳಗೆ ನಿಂತು, ಇವರಿಗೆ ಏನು ಬೇಕಂತೆ ಕೇಳಿ ಎಂದ. ನಮ್ಮನ್ನೇ ಕೇಳಬಹುದಿತ್ತು, ನಾವು ಎದುರಿಗೇ ಇದ್ದೆವು.

"ಚಿಲಕ" ಎಂದೆ ನಾನು. ಮೈಕಿನಲ್ಲಿ ನನ್ನ ದನಿ ಪ್ಲಾಟ್‌ಫಾರ್ಮಿನ ಆ ತುದಿಯವರೆಗೆ ಹೋಯಿತು. "ಆ ಕೋಣೆ ನಮ್ಮದು. ಅದರ ಚಿಲಕ ನಮಗೆ ಬೇಕು. ಕೊಡೋವರೆಗೂ ಏಳಲ್ಲ. ಡಬ್ಬಿಯನ್ನ ಇನ್ನು ಯಾವತ್ತೂ ಬಡಿಯಲ್ಲ."

ಆಮೇಲೆ ಬೆದರಿಸಿದರು. ಪೊಲೀಸರನ್ನು ಕರೆಯುತ್ತೇವೆ ಎಂದರು. ನಾವು ಕೂತೇ ಇದ್ದೆವು. ರೈಲುಗಳು ಬಂದವು, ಹೋದವು, ಹಳಿಯ ಮೇಲೆ ಬೀಳುವುದು ಬಿತ್ತು. ಎತ್ತುವವರು ಕುರ್ಚಿಯ ಮೇಲಿದ್ದರು. ಬಿಸಿಲು ಏರಿತು. ಈ ಸಲ ವಾಸನೆ ಎಲ್ಲರ ಮೂಗಿಗೂ ನಿಜವಾಗಿಯೇ ಬಂತು. ದೊಡ್ಡ ಸಾಹೇಬ ಕರವಸ್ತ್ರ ಹುಡುಕಿದ. ಮಧ್ಯಾಹ್ನದ ಊಟಕ್ಕೆ ಮೊದಲೇ ಕೋಣೆಯಿಂದ ಗಾಜಿನ ಕಪಾಟು ಹೊರಗೆ ಬಂತು. ಮೊಳೆಗಳನ್ನು ಮಾಸ್ಟರ್ ನಿಂತು ಹೊಡೆಸಿಕೊಟ್ಟರು.

ಕ್ಷಮೆ ಯಾರೂ ಕೇಳಲಿಲ್ಲ. ಅತ್ತೆಯನ್ನು ಕೆಲಸದಿಂದ ತೆಗೆದರು. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಲ್ಲ. ನಾವು ಅದಕ್ಕೂ ಜಗಳ ಹೂಡಿದ್ದೇವೆ, ಇನ್ನೂ ಮುಗಿದಿಲ್ಲ. ಅತ್ತೆ ಮಾತ್ರ ದಿನಾ ಪ್ಲಾಟ್‌ಫಾರ್ಮ್ ಟಿಕೆಟ್ ಕೊಂಡು, ಮುಂಬಾಗಿಲಿನಿಂದಲೇ ಬಂದು, ಮಾಸ್ಟರ ಕಿಟಕಿಯ ಎದುರು ಬೆಂಚಿನ ಮೇಲೆ ಕಾಲು ಚಾಚಿ ಕೂರುತ್ತಾಳೆ. ಆಗಾಗ ಎದ್ದುಹೋಗಿ, ತಾನು ಹತ್ತದ ರೈಲುಗಳ ವೇಳೆ ಕೇಳುತ್ತಾಳೆ. ಟಿಕೆಟ್ ಕೊಂಡವಳಿಗೆ ಉತ್ತರ ಕೊಡಲೇಬೇಕು. ಮಾಸ್ಟರ್ ಬಡಕಲಾಗಿದ್ದಾರೆ.

ಕಪಾಟು ಈಗ ಮೊದಲ ದರ್ಜೆಯ ವಿಶ್ರಾಂತಿ ಕೋಣೆಯಲ್ಲಿದೆ. ದೀಪ, ಗಡಿಯಾರ, ಟೋಪಿಗಳ ನಡುವೆ ಅತ್ತೆಯ ಡಬ್ಬಿಯೂ ಇದೆ, ಮೇಷ್ಟ್ರು ಬೇಡಿ ಇಸಿದುಕೊಂಡು ಹೋದದ್ದು. ಕೆಳಗೆ ಏನು ಬರೆಯಲಿ ಎಂದು ಅತ್ತೆಯನ್ನೇ ಕೇಳಿದರು. ನಡೆದದ್ದು ಬರೆಯಿರಿ ಎಂದಳು. ಬರೆದಿದ್ದಾರೆ. ಮಗಳು ಒಂದು ಸಂಜೆ ಅದನ್ನು ಗಟ್ಟಿಯಾಗಿ ಓದಿ ನನಗೆ ಕೇಳಿಸಿದಳು. ಬರುವಾಗ ನಾವಿಬ್ಬರೂ ರಸ್ತೆಯ ಒಂದೇ ಬದಿಯಲ್ಲಿ ಬಂದೆವು.

ಹಳಿಯ ಕೆಲಸ ಹಾಗೇ ಇದೆ. ಸಲಿಕೆ ಇದೆ, ಸೊಂಟ ನೋವಿದೆ, ಓದಿಕೊಂಡು ಕೂರುವವರೂ ಇದ್ದಾರೆ. ಗುಂಡಿಗೆ ಬೇರೆ ದಾರಿ ಇನ್ನೂ ಆಗಿಲ್ಲ. ಆದರೆ ನಾವು ಡಬ್ಬಿ ಬಡಿಯುವುದಿಲ್ಲ. ಸದ್ದಿಲ್ಲದೆ ಬರುತ್ತೇವೆ, ಸದ್ದಿಲ್ಲದೆ ಹೋಗುತ್ತೇವೆ. ನಾವು ಯಾವಾಗ, ಯಾವ ಕಡೆಯಿಂದ ಬರುತ್ತೇವೆ ಎಂದು ತಿಳಿಯದೆ ಜನ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡುತ್ತಿರುತ್ತಾರೆ.

ಮೊನ್ನೆ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟವನೊಬ್ಬ ಫೋನಿನಲ್ಲಿ ಮಾತಾಡುತ್ತ ತಿರುಗಿದ. ನನ್ನ ಭುಜಕ್ಕೆ ಅವನ ಭುಜ ತಗುಲಿತು. ಹಾವು ತುಳಿದವನ ಹಾಗೆ ಹಾರಿದ.

"ಏನಮ್ಮಾ, ಸ್ವಲ್ಪ ಸದ್ದು ಮಾಡ್ಕೊಂಡು ಬರಬಾರ್ದಾ?"

ನಾನು ಡಬ್ಬಿ ಕೆಳಗಿಟ್ಟೆ. ಕೋಲು ಹೇಗೂ ಇರಲಿಲ್ಲ. ಸಲಿಕೆಯನ್ನೇ ಅವನ ಕಡೆ ಚಾಚಿದೆ.

"ತಗೊಳ್ಳಿ ಸಾರ್, ನೀವೇ ಬಡೀರಿ. ನಾವು ಸರೀತೀವಾ ನೋಡೋಣ."